ಬೆಟ್ಟಪ್ಪನಿಗೆ ನಾನೇ ಅಡುಗೆ ಮಾಡಿದ್ದು

ಗಂಡಸಾಗುವುದು ಬಹಳ ಸುಲಭದ ಕೆಲಸ. ಫೋನಿನ ಪರದೆಯಲ್ಲಿ ಎಡಗಡೆ ಒಂದು ಹೆಣ್ಣಿನ ಚಿತ್ರ, ಬಲಗಡೆ ಒಂದು ಗಂಡಿನ ಚಿತ್ರ ಇರುತ್ತದೆ. ಬಲಗಡೆ ಬೆರಳಿಟ್ಟರೆ ಮುಗಿಯಿತು. ಇಷ್ಟು ಸರಳವಾದ ಕೆಲಸದಲ್ಲಿ ಎಡವಟ್ಟು ಮಾಡಿಕೊಳ್ಳಲು ಯಾರಿಗೂ ಸಾಧ್ಯವಿಲ್ಲ ಎಂದು ನಾನು ದೃಢವಾಗಿ ನಂಬಿದ್ದೆ. ನನ್ನ ಸಾಮರ್ಥ್ಯ ನನಗೇ ಗೊತ್ತಿರಲಿಲ್ಲ!

ನನ್ನ ಮಗಳು ಕಾವ್ಯ ಪಿರಿಯಾಪಟ್ಟಣದಲ್ಲಿ ಕಾಲೇಜು ಓದುತ್ತಾಳೆ. ಅವಳಿಗೆ ಹೊಸ ಫೋನು ಬಂದಾಗ ಹಳೆಯದು ನನ್ನ ಪಾಲಿಗೆ ಬಂತು. ಅದರೊಳಗೆ ಒಂದು ಆಟವಿತ್ತು. ನಾಲ್ಕೈದು ಜನ ತಂಡ ಕಟ್ಟಿಕೊಂಡು, ಕತ್ತಿ ಗುರಾಣಿ ಹಿಡಿದು, ಗುಹೆಗಳಿಗೆ ನುಗ್ಗಿ ರಾಕ್ಷಸರನ್ನು ಹೊಡೆಯುವ ಆಟ. ಬೇಸಿಗೆಯಲ್ಲಿ ಹೊಲದ ಕೆಲಸ ಕಡಿಮೆ. ಹೇಳಿಕೊಡು ಎಂದು ಮಗಳ ಮುಂದೆ ಕುಳಿತೆ.

"ಮೊದ್ಲು ನೀನು ಯಾರು ಅಂತ ಆರಿಸ್ಕೋಬೇಕು ಕಣಮ್ಮ," ಎಂದಳು.

ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಇಂಥ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಸನ್ಮಾನ ಮಾಡಿದಂತಾಯಿತು. ಪ್ರಾಮಾಣಿಕವಾಗಿ ಹೆಣ್ಣನ್ನೇ ಆರಿಸಿದೆ. ಮುಂದಿನ ಪುಟದಲ್ಲಿ ಕುಲ ಯಾವುದು ಎಂದು ಕೇಳಿತು. ಅಯ್ಯೋ, ಇಲ್ಲೂ ಬಿಡಲಿಲ್ಲವಲ್ಲ! ಮನುಷ್ಯರು, ಕುಳ್ಳರು, ಚೂಪುಕಿವಿಯವರು ಎಂದು ಮಗಳು ಓದಿ ಹೇಳಿದ ಮೇಲೆ ಸಮಾಧಾನವಾಯಿತು. ಮನುಷ್ಯ ಕುಲದ ಹೆಂಗಸು ಎಂದು ತೀರ್ಮಾನವಾಗಿ, ಯುದ್ಧದ ಉಡುಪು ಕಾಣಿಸಿಕೊಂಡಿತು.

"ಏನೇ ಇದು, ಒಟ್ಟೆಯೆಲ್ಲಾ ಬುಟ್ಟವ್ರೆ! ಬಾಣ ಬಂದ್ರೆ ಎಲ್ಲಿಗ್ ಚುಚ್ಕತದೆ?"

"ಹುಡುಗೀರ ಕವಚ ಎಲ್ಲಾ ಅಂಗೇ ಇರೋದು ಕಣಮ್ಮ."

ಅದೇ ಗಂಡಸಿಗೆ ಕತ್ತಿನಿಂದ ಕಾಲಿನವರೆಗೆ ಕಬ್ಬಿಣ! ನಾನೋ, ಹೊಗೆಸೊಪ್ಪು ಮುರಿಯಲು ಹೋಗುವಾಗ ಸೀರೆಯ ಮೇಲೆ ಯಜಮಾನರ ಹಳೆಯ ತುಂಬುತೋಳಿನ ಶರ್ಟು ತೊಡುವವಳು. ಎಲೆಯ ಅಂಟಿಗೇ ಇಷ್ಟು ರಕ್ಷಣೆ ಬೇಕಾದರೆ ರಾಕ್ಷಸನ ಗದೆಗೆ ಎಷ್ಟು ಬೇಕು ಎಂದು ಈ ಆಟ ಮಾಡಿದವರಿಗೆ ಹೊಳೆದಿರಲಿಲ್ಲ.

ಆದರೂ ಆಡಿದೆ. ತಂಡಕ್ಕೆ ಸೇರಿದ ಕೂಡಲೇ "ಹಾಯ್ ಮೇಡಂ, ಊಟ ಆಯ್ತಾ?" ಎಂದು ಸಂದೇಶಗಳು ಬಂದವು. ನಮ್ಮ ಮನೆಯಲ್ಲಿ ಯಾರೂ ಕೇಳದ ಮಾತು. ನನಗೆ ಕಣ್ಣು ತುಂಬಿ ಬಂತು. ಮಾರನೆಯ ದಿನ ಅವರೇ ಫೋಟೋ ಕೇಳಿದರು. ನನ್ನನ್ನು ಗುಹೆಯ ಬಾಗಿಲಲ್ಲಿ ನಿಲ್ಲಿಸಿ, ಹೊಡೆದಾಡಿ ಬಂದವರ ಗಾಯಕ್ಕೆ ಮದ್ದು ಹಚ್ಚಲು ಹೇಳಿದರು. ಗಂಡಸರು ಹೊರಗೆ ಮೆರೆದು ಬಂದ ಮೇಲೆ ಉಪಚಾರ ಮಾಡುವುದಕ್ಕೆ ನಾನು ಫೋನು ಚಾರ್ಜು ಮಾಡಬೇಕಿತ್ತೇ? ಆ ಹೆಂಗಸನ್ನು ಅಳಿಸಿ ಹಾಕಿದೆ.

ಹೀಗೆ ಬೆಟ್ಟಪ್ಪ ಹುಟ್ಟಿದ. ಆರಡಿ ಎತ್ತರ, ಕುದುರೆಬಾಲದಂಥ ಮೀಸೆ, ಮೈತುಂಬ ಕಬ್ಬಿಣ. ಊರು ಎಚ್.ಡಿ. ಕೋಟೆ ಕಡೆಯ ಅಂತರಸಂತೆ ಎಂದು ಬರೆದುಕೊಂಡೆ. ಆ ಕಡೆ ನಮ್ಮ ನೆಂಟರು ಯಾರೂ ಇಲ್ಲವೆಂಬ ಧೈರ್ಯ. ಮೈಕು ಕೆಟ್ಟಿದೆ ಎಂದು ಸುಳ್ಳು ಹೇಳಿ, ಮಾತೆಲ್ಲ ಬೆರಳಿನಲ್ಲೇ ಆಡಿದೆ. ಅದೇ ನಾನು, ಅದೇ ಬುದ್ಧಿ. ಆದರೆ ಬೆಟ್ಟಪ್ಪ "ಎಡಕ್ಕೆ ಬನ್ನಿ" ಎಂದರೆ ಎಲ್ಲರೂ ಎಡಕ್ಕೆ ಬರುತ್ತಿದ್ದರು. "ನಿಲ್ಲಿ" ಎಂದರೆ ನಿಲ್ಲುತ್ತಿದ್ದರು. ಏಕೆ ಎಂದು ಒಬ್ಬನೂ ಕೇಳುತ್ತಿರಲಿಲ್ಲ. ಕನ್ನಡದವರದೇ ಒಂದು ತಂಡ ನನ್ನನ್ನು ನಾಯಕನನ್ನಾಗಿ ಮಾಡಿಕೊಂಡಿತು. ಎಲ್ಲರ ಬಾಯಲ್ಲೂ ಬೆಟ್ಟಪ್ಪಣ್ಣ, ಬೆಟ್ಟಪ್ಪಣ್ಣ!

ಆ ತಂಡದಲ್ಲಿ ಸ್ವಪ್ನಾ ಎಂಬ ಚೂಪುಕಿವಿಯ ಸುಂದರಿ ಇದ್ದಳು. ಯುದ್ಧ ಶುರುವಾದರೆ ನನ್ನ ಬೆನ್ನ ಹಿಂದೆ ಅಡಗುವಳು. ಪಾಪ, ಹೆಣ್ಣುಮಗು ಎಂದು ಅವಳಿಗೆ ಬೀಳುವ ಏಟನ್ನೆಲ್ಲ ನಾನೇ ತಿನ್ನುತ್ತಿದ್ದೆ. ಸಿಕ್ಕ ಒಳ್ಳೆಯ ಒಡವೆಗಳನ್ನು ಅವಳಿಗೇ ಕೊಡುತ್ತಿದ್ದೆ.

ಒಂದು ಸಂಜೆ ನಮ್ಮ ಯಜಮಾನರು ಜಗುಲಿಯಲ್ಲಿ ಕುಳಿತು ಪಕ್ಕದ ಮನೆಯ ಶಿವಣ್ಣನಿಗೆ ಫೋನು ತೋರಿಸುತ್ತಿದ್ದರು. ನಾನು ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ.

"ಎಣ್ಣಾಗಿದ್ರೆ ಆರಾಮ ಕಣ್ಲಾ ಶಿವ," ಎಂದರು ಯಜಮಾನರು. "ನೋಡು, ಸ್ವಪ್ನಾ ಅಂತ ಎಸ್ರು ಇಟ್ಕಂಡಿವ್ನಿ. ಮೈಗೆ ಒಂದೇಟು ಬೀಳಲ್ಲ. ಬೆಟ್ಟಪ್ಪಣ್ಣ ಅಂತ ಒಬ್ರವ್ರೆ, ಎಲ್ಲಾ ಏಟೂ ಅವ್ರೇ ತಿಂತರೆ. ಒಡವೆ ಬೇರೆ ಕೊಡ್ತರೆ. ಎಂಗುಸ್ರಿಗೆ ಕೆಲ್ಸ ಏನ್ಲಾ ಐತೆ!"

ಸಾಸಿವೆ ಕಪ್ಪಾಯಿತು. ನಾನೂ ಹೆಚ್ಚುಕಡಿಮೆ ಅದೇ ಬಣ್ಣಕ್ಕೆ ತಿರುಗಿದ್ದೆ. ಮದುವೆಯಲ್ಲಿ ಮಾಡಿಸಿದ ಓಲೆ ಬಿಟ್ಟರೆ ನನಗೆ ಒಂದು ಗುಂಜಿ ಚಿನ್ನ ತರದ ಮನುಷ್ಯನಿಗೆ, ನಾನು ರಾಕ್ಷಸರ ಕೈಲಿ ಒದೆ ತಿಂದು ವಜ್ರದ ಹಾರ ಗಳಿಸಿಕೊಟ್ಟಿದ್ದೆ!

ಅಂದೇ ಹೇಳಿಬಿಡಬೇಕಿತ್ತು. ಆದರೆ ನನ್ನ ತಲೆಯಲ್ಲಿ ಬ್ಯಾರನ್ನು ಕುಳಿತಿತ್ತು. ಬ್ಯಾರನ್ನು ಎಂದರೆ ಹಸಿ ಹೊಗೆಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ತೂಗುಹಾಕಿ ಬೇಯಿಸುವ ಎತ್ತರದ ಮನೆ. ಹೊರಗಿನ ಒಲೆಯ ಕಾವು ಒಳಗೆ ನೆಲದ ಮೇಲೆ ಹಾಯ್ದಿರುವ ತಗಡಿನ ಕೊಳವೆಗಳಲ್ಲಿ ಹರಿಯುತ್ತದೆ. ನಮ್ಮ ಕೊಳವೆ ತುಕ್ಕು ಹಿಡಿದು ತೂತಾಗಿತ್ತು. ಒಂದು ಕಿಡಿ ಹೊರಗೆ ಹಾರಿ ಒಣಗಿದ ಸೊಪ್ಪಿಗೆ ತಗುಲಿದರೆ ಮನೆಮಂದಿಯ ದುಡಿತವೆಲ್ಲ ಒಂದು ಬೀಡಿ ಸೇದುವಷ್ಟರಲ್ಲಿ ಬೂದಿ. ಕೊಳವೆ ಬದಲಾಯಿಸಿ ಎಂದು ನಾನು ಸಂಕ್ರಾಂತಿಯಿಂದ ಬಡಿದುಕೊಳ್ಳುತ್ತಿದ್ದೆ. "ನಿಂಗೇನ್ ಗೊತ್ತಾದದು, ಸುಮ್ಕಿರು," ಎಂಬುದೇ ಉತ್ತರ.

ಅದೇ ವಾರ ಸ್ವಪ್ನಾಳಿಂದ ಬೆಟ್ಟಪ್ಪನಿಗೆ ಸಂದೇಶ ಬಂತು: "ಅಣ್ಣಾ, ನಿಮ್ ಕಡೇನೂ ಹೊಗೆಸೊಪ್ಪು ಬೆಳೀತಾರಲ್ವಾ? ಬ್ಯಾರನ್ ಕೊಳವೆ ಸ್ವಲ್ಪ ತೂತಾಗಿದೆ. ಹಂಗೇ ನಡೆಸಬೋದಾ ಅಂತ ನಮ್ಮ ಯಜಮಾನ್ರು ಕೇಳ್ತಾರೆ. ಅವರು ತುಂಬಾ ಬುದ್ಧಿವಂತರು."

ನಾನು ಸೆರಗು ಬಾಯಿಗಿಟ್ಟುಕೊಂಡು ಬೆರಳಾಡಿಸಿದೆ: "ನಿಮ್ಮ ಬುದ್ಧಿವಂತ ಯಜಮಾನ್ರಿಗೆ ಹೇಳು ತಾಯಿ, ಕೊಳವೆ ಬದಲಾಯಿಸದೆ ಸೊಪ್ಪು ಏರಿಸಬೇಡಿ ಅಂತ."

ಮಾರನೆಯ ದಿನ ಬೆಳಿಗ್ಗೆಯೇ ಯಜಮಾನರು ಅಳತೆ ಹಿಡಿಯಲು ಬ್ಯಾರನ್ನಿಗೆ ಹೊರಟರು. ಹುಣಸೂರಿನ ತಗಡಿನ ಅಂಗಡಿಗೆ ಫೋನು ಮಾಡಿ ಹೊಸ ಕೊಳವೆಗೆ ಹೇಳಿಯೂ ಬಿಟ್ಟರು.

"ನಾನೇಳ್ದಾಗ ಕೇಳ್ನಿಲ್ವಲ್ರೀ," ಎಂದೆ.

"ತಿಳ್ದೋರು ಏಳವ್ರೆ ಕಣಮ್ಮಿ," ಎಂದರು ಗಂಭೀರವಾಗಿ.

ನಾನು ಆ ದಿನ ಗೆದ್ದೆ ಎಂದು ಕುಣಿದೆ. ಮೂರ್ಖಳು! ಗೆದ್ದವನು ಬೆಟ್ಟಪ್ಪ. ಇನ್ನು ಮನೆಯ ವಿಚಾರವನ್ನೆಲ್ಲ ಅವನ ಬಾಯಿಂದಲೇ ಹೇಳಿಸುತ್ತೇನೆ ಎಂದು ಲೆಕ್ಕ ಹಾಕುತ್ತಿದ್ದಾಗ ಯಜಮಾನರು ಬಾಂಬು ಹಾಕಿದರು.

"ಭಾನ್ವಾರ ಬೆಟ್ಟಪ್ಪಣ್ಣನ್ನ ಊಟಕ್ಕೆ ಕರ್ದಿವ್ನಿ. ತಂಡದೋರೂ ಬತ್ತರೆ. ಹುಂಜ ಕುಯ್ಯಾನ."

ನಾನು ಒಳಗೆ ಓಡಿ ಫೋನು ನೋಡಿದೆ. ಆಮಂತ್ರಣ ಬಂದಿತ್ತು. ಜೊತೆಗೆ, "ನಿಮಗೆ ಏನು ಇಷ್ಟ ಅಣ್ಣಾ?" ಎಂಬ ಪ್ರಶ್ನೆ. ಬರಲಾಗುವುದಿಲ್ಲ ಎಂದು ಒಂದು ಸಾಲು ಹಾಕಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಏನು ಇಷ್ಟ ಎಂದು ಕೇಳಿಸಿಕೊಂಡು ಅಭ್ಯಾಸವಿಲ್ಲದ ಜೀವ ನೋಡಿ, ಬಾಯಿ ಚಪಲ ಬೆರಳಿಗೆ ಇಳಿಯಿತು. "ನಾಟಿಕೋಳಿ ಸಾರು, ಮುದ್ದೆ. ತೊಡೆ ತುಂಡು ನನಗೇ ಇರಲಿ," ಎಂದು ಬರೆದುಬಿಟ್ಟೆ! ನಮ್ಮ ಮನೆಯ ಹುಂಜಗಳಿಗೆ ತೊಡೆ ಇರುತ್ತದೆ ಎಂಬುದು ನನಗೆ ಕೊಯ್ಯುವಾಗ ಮಾತ್ರ ಗೊತ್ತಾಗುವ ವಿಷಯ.

ಭಾನುವಾರ ಬಂತು. ನನ್ನ ಗೌರವಾರ್ಥ ಏರ್ಪಡಿಸಿದ ಔತಣಕ್ಕೆ ನಾನು ಬೆಳಿಗ್ಗೆಯಿಂದ ಮಸಾಲೆ ಅರೆದೆ. "ಖಾರ ಮುಂದಾಗಿರ್ಲಿ, ದೊಡ್ ಮನ್ಸ ಬತ್ತಾವ್ನೆ," ಎಂದು ಅತ್ತೆ ಒಲೆಯ ಪಕ್ಕ ಕುಳಿತು ನಿಗಾ ನೋಡಿದರು. ಕೆ.ಆರ್. ನಗರದಿಂದ ಲೋಕೇಶ ಎಂಬ ತಂಡದ ಹುರಿಯಾಳು ಬಂದ. ಆಟ ಕಲಿತು ತಂಡ ಸೇರಿದ್ದ ಶಿವಣ್ಣನೂ ಬಂದ.

"ಸ್ವಪ್ನಾ ಮೇಡಮ್ಮೂ ಬತ್ತಾರಾ?" ಎಂದು ಲೋಕೇಶ ಕ್ರಾಪು ಸರಿಮಾಡಿಕೊಂಡ.

"ನಾನೇ ಕಣಪ್ಪ ಸ್ವಪ್ನಾ!" ಎಂದರು ಯಜಮಾನರು.

ಲೋಕೇಶ ಕ್ರಾಪಿನ ಮೇಲಿದ್ದ ಕೈ ಇಳಿಸಿದ. ಆಮೇಲೆ ಜಗುಲಿ ಹಾರಿಹೋಗುವಂತೆ ನಗು! ಲೋಕೇಶ ಅವರ ಬೆನ್ನಿಗೆ ಗುದ್ದಿ, "ಏನ್ ಕಿಲಾಡಿ ಕಣಣ್ಣ ನೀನು! ನಾನ್ ಗುಲಾಬಿ ಬೇರೆ ಕಳಿಸಿದ್ನಲ್ಲಪ್ಪೋ!" ಎಂದು ಕಣ್ಣೀರು ಬರುವಷ್ಟು ನಕ್ಕ. ಅದನ್ನು ಕೇಳಿ ನನಗೂ ಧೈರ್ಯ ಬಂತು. ಇಷ್ಟೇ ತಾನೆ, ನಗುತ್ತಾರೆ, ಮುಗಿಯುತ್ತದೆ ಎಂದುಕೊಂಡೆ.

ಆದರೂ ಮೊದಲು ಸುಳ್ಳನ್ನೇ ಪ್ರಯೋಗಿಸಿದೆ. ಒಂದು ಕೈಯಲ್ಲಿ ಮುದ್ದೆ ತಿರುವುತ್ತ ಇನ್ನೊಂದರಲ್ಲಿ ಸಂದೇಶ ಕಳಿಸಿದೆ: "ರಸ್ತೆಗೆ ಆನೆ ಬಂದು ನಿಂತಿದೆ. ನೀವು ಊಟ ಮಾಡಿ." ನಮ್ಮ ಕಡೆ ಆನೆಯ ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ.

"ಆನೆ ಓಗಗಂಟ ಕಾಯಾನ," ಎಂದರು ಯಜಮಾನರು. ದೊಡ್ಡ ಅತಿಥಿ ಕೂರದೆ ಎಲೆ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಎಲ್ಲರೂ ಕಾದರು. ಸಾರು ಆರಿತು. ಮುದ್ದೆ ಗಟ್ಟಿಯಾಯಿತು. ಆನೆ ಹೋಯಿತು, ಸ್ಕೂಟರು ಪಂಚರಾಯಿತು ಎಂದು ಮತ್ತೊಂದು ಸಂದೇಶ ಹಾಕಿದೆ. ಯಜಮಾನರು ತಟ್ಟನೆ ಎದ್ದು ಬೈಕಿನ ಕೀಲಿ ತೆಗೆದುಕೊಂಡರು.

"ನಾನೇ ಓಗಿ ಕೂರಿಸ್ಕಂಡು ಬತ್ತೀನಿ!"

ಅಂತರಸಂತೆಯೆಂದರೆ ಬೀದಿಯ ಕೊನೆಯೇ? ನಾನು ಬಾಗಿಲಿಗೆ ಅಡ್ಡ ನಿಂತೆ.

"ಓಗ್ಬ್ಯಾಡಿ ಕಣ್ರೀ. ಬೆಟ್ಟಪ್ಪ ಅಲ್ಲಿಲ್ಲ."

"ನಿಂಗೇನ್ ಗೊತ್ತು?"

"ಇಲ್ಲೇ ಅವ್ನೆ."

"ಎಲ್ಲಿ?"

"ತಡೀರಿ, ಕೈ ತೊಳ್ಕಂಡು ಬತ್ತೀನಿ."

ಕೈ ಒರೆಸಿಕೊಂಡು ಫೋನಿನಲ್ಲಿ ಬರೆದೆ: "ಎಲೆ ಹಾಕ್ರಪ್ಪ. ಮುದ್ದೆ ಆರೋಯ್ತು." ಜಗುಲಿಯಲ್ಲಿದ್ದ ಫೋನುಗಳೆಲ್ಲ ಒಟ್ಟಿಗೆ ಟಿಣ್ ಎಂದವು. ಅವರು ಫೋನು ನೋಡಿದರು. ನನ್ನನ್ನು ನೋಡಿದರು. ಕಾವ್ಯ ನಕ್ಕಳು. ಬೇರೆ ಯಾರೂ ನಗಲಿಲ್ಲ. ನಾನು ನಗುವಿಗಾಗಿ ಕಾದೆ. ಕಿಲಾಡಿ ಎನ್ನಲಿ ಎಂದು ಕಾದೆ. ಬೆನ್ನಿಗೆ ಬೇಡ, ಮಾತಿನಲ್ಲಾದರೂ ಒಂದು ಗುದ್ದು ಬರಲಿ ಎಂದು ಕಾದೆ.

"ಇದು ಮೋಸ ಕಣಕ್ಕ," ಎಂದ ಲೋಕೇಶ ತಲೆ ತಗ್ಗಿಸಿ. "ಇಷ್ಟ್ ದಿನ ಒಬ್ರು ಎಂಗುಸ್ರು ಏಳ್ದಂಗ್ ಕೇಳ್ಕಂಡಿದ್ವಲ್ಲ!"

ಯಜಮಾನರು ಕೀಲಿಯನ್ನು ಗೂಟಕ್ಕೆ ಹಾಕಿ, "ಎಲೆ ಆಕು," ಎಂದರು. ಬಡಿಸಿದೆ. ತೊಡೆ ತುಂಡುಗಳನ್ನು ಶಿವಣ್ಣನೂ ಲೋಕೇಶನೂ ತಿಂದರು. ನಾನು ಕೊನೆಯಲ್ಲಿ ಕುಳಿತಾಗ ಪಾತ್ರೆಯಲ್ಲಿ ಕತ್ತಿನ ತುಂಡೊಂದು ಉಳಿದಿತ್ತು. ಅದನ್ನು ಚೀಪುತ್ತಿದ್ದಾಗ ಫೋನು ಹೇಳಿತು: ಬೆಟ್ಟಪ್ಪನನ್ನು ತಂಡದಿಂದ ಹೊರಹಾಕಲಾಗಿದೆ. ಹೊಸ ನಾಯಕಿ, ಸ್ವಪ್ನಾ.

ಇಷ್ಟಕ್ಕೇ ನಿಂತಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆಟ ತಾನೆ, ಹಾಳಾಗಿ ಹೋಗಲಿ. ಆದರೆ ಮಾರನೆಯ ದಿನ ಯಜಮಾನರು ಹುಣಸೂರಿಗೆ ಫೋನು ಮಾಡಿ, "ಕೊಳ್ವೆ ಬ್ಯಾಡ ಕಣಣ್ಣೋ, ಮುಂದಿನ್ ವರ್ಸ ನೋಡಾನ," ಎಂದದ್ದು ಕೇಳಿಸಿತು.

"ಮಾತು ಅದೇ ಅಲ್ವೇನ್ರೀ? ತೂತೂ ಅದೇ ಅಲ್ವಾ?" ಎಂದು ಕೂಗಾಡಿದೆ.

"ಎಂಡ್ರು ಮಾತ್ ಕೇಳಿ ಕೊಳ್ವೆ ಬದಲಾಯಿಸ್ದ ಅಂತ ಊರೆಲ್ಲಾ ಆಡ್ಕೊಳ್ಳಾಕಾ?" ಎಂದರು. ತೂತಿಗೆ ಮಣ್ಣು ಮೆತ್ತಿದರು. ಮೆತ್ತಲು ಮಣ್ಣು ಕಲಸಿಕೊಟ್ಟವಳೂ ನಾನೇ!

ಮಳೆಗಾಲದಲ್ಲಿ ಸೊಪ್ಪು ಬೇಯಿಸಲು ಶುರುಮಾಡಿದೆವು; ಎರಡನೆಯ ಬೇಯ್ತಕ್ಕೇ ಮಣ್ಣು ಬಿರುಕು ಬಿಟ್ಟಿತು. ನಡುಮಧ್ಯಾಹ್ನ ಬ್ಯಾರನ್ನಿನ ಮಾಡಿನಿಂದ ಹೊಗೆ ಎದ್ದಾಗ ನಾನು ಹೊಲದಲ್ಲಿ ಅವರ ಶರ್ಟು ತೊಟ್ಟು ಸೊಪ್ಪು ಮುರಿಯುತ್ತಿದ್ದೆ. ಬಿಂದಿಗೆ, ಬಕೆಟ್ಟು, ಸಿಕ್ಕಿದ್ದರಲ್ಲಿ ನೀರು ಹೊತ್ತೆವು. ಯಾರಿಗೂ ಏನೂ ಆಗಲಿಲ್ಲ. ನಾಲ್ಕು ಗೋಡೆಯೂ ಉಳಿಯಿತು. ಒಳಗಿದ್ದ ಸೊಪ್ಪು ಒಂದೆಲೆಯೂ ಉಳಿಯಲಿಲ್ಲ.

ಸಂಜೆ ಜಗುಲಿಯಲ್ಲಿ ಸಮಾಧಾನ ಹೇಳಲು ಜನ ಸೇರಿದರು. ಕೆ.ಆರ್. ನಗರದಿಂದ ಲೋಕೇಶನೂ ಓಡಿ ಬಂದಿದ್ದ. ಯಜಮಾನರು ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದರು. ಅವರ ಕಣ್ಣಲ್ಲಿ ನೀರು ನೋಡಿ, ಇಷ್ಟೆಲ್ಲ ಆದ ಮೇಲೂ, ನನಗೆ ಅಯ್ಯೋ ಎನಿಸಿತು. ಅವರು ಮೆಲ್ಲಗೆ ಮುಖ ಎತ್ತಿ, ನೇರವಾಗಿ ನನ್ನನ್ನೇ ನೋಡಿದರು. ಈಗ ನನ್ನ ಹೆಸರು ಹೇಳುತ್ತಾರೆ ಎಂದುಕೊಂಡೆ.

"ಬೆಟ್ಟಪ್ಪಣ್ಣ ಅವತ್ತೇ ಏಳಿದ್ರು," ಎಂದರು. "ನಾನೇ ಕೇಳ್ನಿಲ್ಲ."

"ಅಂತಾ ಮನ್ಸ ಸಿಗಾಕಿಲ್ಲ ಬುಡು," ಎಂದ ಶಿವಣ್ಣ.

ಲೋಕೇಶನೂ ಹೌದೆಂದು ತಲೆಯಾಡಿಸಿದ. ಅತ್ತೆ ಮೂಗು ಒರೆಸಿಕೊಂಡು, "ಅವಯ್ಯಂಗೆ ಒಂದ್ ದಪನಾದ್ರೂ ಕರ್ದು ಒಟ್ಟೆತುಂಬ ಊಟ ಆಕ್ಬೇಕಾಗಿತ್ತು ಕಣಪ್ಪ," ಎಂದರು.

ನಾನು ಬಾಯಿ ತೆರೆದೆ. ಜಗುಲಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು.

"ಕಾಫಿಗೆ ಸಕ್ರೆ ಯಾರ್ಯಾರಿಗೆ ಆಕ್ಲಿ?" ಎಂದು ಕೇಳಿದೆ.