ಸೀಟಿ ಊದಿ ಕಲಿಸಿದ ಸ್ಪ್ಯಾನಿಷ್

ಮನೆ ಹಾಳಾಗುವುದಕ್ಕೆ ಶತ್ರುಗಳೇ ಬೇಕೆಂದೇನಿಲ್ಲ, ಸಹಾಯ ಮಾಡುವ ಗಂಡನೊಬ್ಬನಿದ್ದರೆ ಸಾಕು. ನಂಬಿಕೆ ಬಾರದವರು ನಮ್ಮ ಡ್ರಿಲ್ ಮೇಷ್ಟ್ರ ಮನೆಗೆ ಹೋಗಿ ಬರಬಹುದು. (ಊಟದ ಹೊತ್ತಿಗೆ ಮಾತ್ರ ಬೇಡ. ಈಗೀಗ ಅಲ್ಲಿ ಊಟದ ಹೊತ್ತಿಗೆ ಯಾರೂ ಬಾಯಿ ಬಿಡುವುದಿಲ್ಲ, ತುತ್ತಿಗೆ ಬಿಟ್ಟರೆ.)

ಮೇಷ್ಟ್ರ ಶಾಲೆಗೆ ಬೀಗ ಬಿದ್ದು ಎರಡು ವರ್ಷವಾಗಿತ್ತು. ಮೈದಾನ ಹೋಯಿತು, ಮಕ್ಕಳು ಹೋದರು, ಸಂಬಳ ಹೋಯಿತು. ಕೊರಳಲ್ಲಿದ್ದ ಸೀಟಿಯೊಂದು ಉಳಿಯಿತು. ಸ್ನಾನಕ್ಕೆ ಹೋದರೂ ಅದನ್ನು ತೆಗೆಯುತ್ತಿರಲಿಲ್ಲ. ಮನೆ ನಡೆಯುತ್ತಿದ್ದದ್ದು ಹೆಂಡತಿಯ ದುಡಿಮೆಯಲ್ಲಿ. ಆಕೆ ದೊಡ್ಡ ಹೋಟೆಲೊಂದರ ರಿಸೆಪ್ಷನ್ನಿನಲ್ಲಿ ವರ್ಷಗಟ್ಟಲೆ ನಿಂತು, ಕಾಲು ಬಾತರೂ ಮುಖದಲ್ಲಿ ನಗು ಇಟ್ಟುಕೊಂಡವಳು. ಆ ಹೋಟೆಲನ್ನು ಸ್ಪೇನಿನವರು ಯಾರೋ ಕೊಂಡರು. ಕೊಂಡವರು ಗೋಡೆಗೆ ಬಣ್ಣ ಬಳಿಸಿ ಸುಮ್ಮನಿರಬಾರದೇ? ರಿಸೆಪ್ಷನ್ನಿನವರಿಗೆಲ್ಲ ಸ್ಪ್ಯಾನಿಷ್ ಬರಲೇಬೇಕು, ಮೌಖಿಕ ಪರೀಕ್ಷೆಯಲ್ಲಿ ಪಾಸಾಗದವರು ಮನೆಗೆ ಹೋಗಬಹುದು ಎಂದುಬಿಟ್ಟರು.

ಪಾಪ, ಆಕೆ ಕೆಲಸ ಮುಗಿಸಿ ತರಗತಿಗೆ ಹೋಗಿ, ತರಗತಿ ಮುಗಿಸಿ ಪಾತ್ರೆ ತೊಳೆದು, ತಕ್ಕಮಟ್ಟಿಗೆ ಕಲಿತಳು. ಒಂದೇ ಒಂದು ಕಡೆ ಗಾಡಿ ನಿಂತುಹೋಯಿತು.

"ಬಂದೆ, ಹೋದೆ, ತಿಂದೆ ಎಲ್ಲಾ ಬಂತು ರೀ. ಇದೊಂದು ನಾಲಿಗೆಗೆ ಹತ್ತುತ್ತಿಲ್ಲ," ಎಂದು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೇಬಿಟ್ಟಳು. "ನಾನು ಮಾತಾಡಿದ್ದಿದ್ರೆ, ನೀನು ಮಾತಾಡಿದ್ದಿದ್ರೆ, ಅವರು ಮಾತಾಡಿದ್ದಿದ್ರೆ... ಆಗದೇ ಇರೋ ವಿಷಯಕ್ಕೇ ಅಂತ ಬೇರೆ ರೂಪ. ಒಬ್ಬೊಬ್ಬರಿಗೆ ಒಂದೊಂದು ಬಾಲ, ಒಟ್ಟು ಆರು."

"ಆಗದೇ ಇರೋದಕ್ಕೆ ವ್ಯಾಕರಣ ಯಾಕೆ? ಕೆಲಸ ಇಲ್ವಾ ಅವರಿಗೆ?"

"ಅವರಿಗಿದೆ. ನನಗೆ ಇರುತ್ತಾ ಅಂತ ಕೇಳಿ."

ಮೇಷ್ಟ್ರಿಗೆ ಎರಡು ವರ್ಷದಿಂದ ಹೆಂಡತಿ ದುಡಿದ ಅನ್ನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಈಗ ತಾವೂ ಒಂದು ಕೆಲಸಕ್ಕೆ ಬರಬಹುದು ಎಂಬ ಆಸೆಯಾಯಿತು. ಸ್ಪ್ಯಾನಿಷ್ ಬಾರದು ಎಂಬ ಅಲ್ಪ ಕೊರತೆಯನ್ನು ಅವರು ಲೆಕ್ಕಕ್ಕಿಡಲಿಲ್ಲ.

"ಏಳೇ! ಎದ್ದು ನಿಲ್ಲು. ಎಡ ಯಾವುದು, ಬಲ ಯಾವುದು ಗೊತ್ತಿಲ್ಲದ ಪುಂಡರನ್ನ ಸಾಲು ತಪ್ಪದ ಹಾಗೆ ನಡೆಸಿದೋನು ನಾನು. ಆರು ಪದ ಯಾವ ಮಹಾ?"

ವಿಧಾನ ಸರಳ. ಸೀಟಿ ಬಿದ್ದೊಡನೆ ನೆಟ್ಟಗೆ ನಿಲ್ಲಬೇಕು. ಮೊದಲ ಪದಕ್ಕೆ ಕೈ ಮುಂದೆ, ಎರಡನೆಯದಕ್ಕೆ ಮೇಲೆ, ಮೂರಕ್ಕೆ ಪಕ್ಕಕ್ಕೆ; ಹೀಗೆ ಆರೂ ಮುಗಿಯುವ ತನಕ ಉಸಿರು ಎಳೆಯಬಾರದು. ತಪ್ಪಿದರೆ ಮತ್ತೆ ಸೀಟಿ, ಮತ್ತೆ ಮೊದಲಿನಿಂದ.

"ಪೀಂ!"

"ಅಬ್ಲಾರಾ, ಅಬ್ಲಾರಾಸ್, ಅಬ್ಲಾರಾ, ಅಬ್ಲಾರಾಮೋಸ್..."

ಒಳಕೋಣೆಯಲ್ಲಿ ಹಾಸಿಗೆ ಹಿಡಿದಿದ್ದ ಮೇಷ್ಟ್ರ ತಾಯಿ ಗಾಬರಿಯಿಂದ ಕೂಗುತ್ತಿದ್ದರು. "ಏನೋ ಅದು ಗಲಾಟೆ? ಯಾರು ಹೋದ್ರೋ?"

"ಯಾರೂ ಹೋಗಿಲ್ಲಮ್ಮ. ನಿನ್ನ ಸೊಸೆ ಓದ್ತಿದಾಳೆ."

"ಅಯ್ಯೋ ಪಾಪ. ನಾನು ಅಳ್ತಿದಾಳೆ ಅಂದ್ಕೊಂಡೆ."

ಪರೀಕ್ಷೆ ಹತ್ತಿರ ಬರುವ ಹೊತ್ತಿಗೆ ವಿದ್ಯೆ ಮೈಗೆ ಇಳಿದಿತ್ತು. ಎಷ್ಟು ಇಳಿದಿತ್ತೆಂದರೆ, ಒಲೆಯ ಮೇಲೆ ಕುಕ್ಕರ್ ಕೂಗಿದರೂ ಆಕೆ ಸೌಟು ಬಿಸಾಕಿ ಕೈ ಮುಂದೆ ಚಾಚಿ "ಅಬ್ಲಾರಾ" ಎನ್ನುತ್ತಿದ್ದಳು. ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು. ಆಕೆ ಹಿಗ್ಗಲಿಲ್ಲ.

"ರೀ, ನಾನು ಇದನ್ನ ಕಲಿತಿದ್ದೀನಾ, ಇಲ್ಲಾ ಇದು ನನ್ನ ಹಿಡ್ಕೊಂಡಿದೆಯಾ?"

"ಎರಡೂ ಒಂದೇ ಕಣೇ."

"ನಾಳೆ ಪರೀಕ್ಷೆಗೆ ಮಾತ್ರ ನೀವು ಬರಬೇಡಿ. ನೀವಿದ್ರೆ ನನಗೆ ಕೈಕಾಲು ಆಡಲ್ಲ."

"ನಾನ್ಯಾಕೆ ಬರಲಿ? ನನಗೇನು ಬೇರೆ ಕೆಲಸ ಇಲ್ವಾ?" ಎಂದರು ಮೇಷ್ಟ್ರು. ಇರಲಿಲ್ಲ. ಹಾಗಾಗಿ ಆಕೆ ಹತ್ತಿದ ಬಸ್ಸಿನ ಹಿಂದೆಯೇ ಬಂದ ಬಸ್ಸು ಹತ್ತಿದರು.

ಹೋಟೆಲಿನ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಯ ಬಿಸಿ ಹಬೆ ಬಂದು ಮುಖಕ್ಕೆ ಹೊಡೆಯುವ ಕಡೆ, ಪರೀಕ್ಷೆಯ ಕೋಣೆಯ ಕಿಟಕಿ ತೆರೆದಿತ್ತು. ಒಣಹಾಕಿದ ಬೆಡ್‌ಶೀಟುಗಳ ಮರೆಯಲ್ಲಿ ಮೇಷ್ಟ್ರು ಕಿವಿಯಿಟ್ಟು ನಿಂತರು. ಒಳಗೆ ಯಾರೋ ಕೇಳುತ್ತಿದ್ದರು, ಹೆಂಡತಿ ನಿಧಾನವಾಗಿ, ಚೆನ್ನಾಗಿಯೇ ಉತ್ತರಿಸುತ್ತಿದ್ದಳು. ಒಮ್ಮೆ ಒಳಗಿನವರು ಮೆಚ್ಚಿ ನಕ್ಕರು ಕೂಡ. ಮೇಷ್ಟ್ರ ಕಣ್ಣು ತುಂಬಿ ಬಂತು.

ಆಮೇಲೆ ಒಂದು ಉದ್ದನೆಯ ಪ್ರಶ್ನೆ ಬಂತು. ಉತ್ತರ ಬರಲಿಲ್ಲ.

ಆಕೆ ಯೋಚಿಸುತ್ತಿದ್ದಳು, ಅಷ್ಟೆ. ಉತ್ತರ ನಾಲಿಗೆಯ ತುದಿಗೆ ಬಂದಿತ್ತಂತೆ, ಒಂದು ಪದವನ್ನು ಮಾತ್ರ ಹಿಂದುಮುಂದು ನೋಡುತ್ತಿದ್ದಳಂತೆ. ಆದರೆ ಮನುಷ್ಯರು ಯೋಚಿಸುವುದನ್ನು ಡ್ರಿಲ್ ಮೇಷ್ಟ್ರು ಜನ್ಮದಲ್ಲಿ ಕಂಡವರಲ್ಲ. ಸುಮ್ಮನೆ ನಿಂತರೆ ಮರೆತಿದ್ದಾರೆ ಎಂದೇ ಅವರ ಶಾಸ್ತ್ರ. ಅಯ್ಯೋ, ಅನ್ನ ಹೋಯಿತಲ್ಲ ಎಂದುಕೊಂಡರು. ಕೈ ಕೊರಳಿಗೆ ಹೋಯಿತು.

"ಪೀಂ!"

ಒಳಗೆ ಕುರ್ಚಿ ದಡಾರನೆ ಉರುಳಿತು. "ಅಬ್ಲಾರಾ! ಅಬ್ಲಾರಾಸ್! ಅಬ್ಲಾರಾ!" ಆರೂ ಪದಗಳು ಗುಂಡಿನ ಹಾಗೆ ಹೊರಬಿದ್ದವು. ಮೇಜಿನ ಮೇಲಿದ್ದ ನೀರಿನ ಲೋಟ ಮೂರನೆಯ ಪದಕ್ಕೆ, ಅಂದರೆ ಕೈ ಪಕ್ಕಕ್ಕೆ ಹೋದಾಗ, ಪರೀಕ್ಷಕರ ಮಡಿಲಿಗೆ ಬಿತ್ತು. ಆಕೆ ಕ್ಷಮೆ ಕೇಳಿ ಮತ್ತೆ ಉತ್ತರಕ್ಕೆ ತಡಕಾಡಿದಳು. ಇನ್ನೊಂದು ಊದಿದರೆ ಗಟ್ಟಿಯಾದಾಳು ಎನಿಸಿ ಮೇಷ್ಟ್ರು ಇನ್ನೊಂದು ಊದಿದರು. ಮೂರನೆಯದನ್ನು ಊದುವಷ್ಟರಲ್ಲಿ ಮ್ಯಾನೇಜರ್ ಕಿಟಕಿಯಿಂದ ತಲೆ ಹೊರಹಾಕಿ, ಬೆಡ್‌ಶೀಟುಗಳ ನಡುವೆ ಕೆನ್ನೆ ಉಬ್ಬಿಸಿಕೊಂಡು ನಿಂತಿದ್ದ ಮನುಷ್ಯನನ್ನು ದಿಟ್ಟಿಸಿ ನೋಡಿದರು.

ಹೆಂಡತಿಯ ಕೆಲಸ ಅಂದೇ ಹೋಯಿತು. ಮ್ಯಾನೇಜರ್ ಮೇಷ್ಟ್ರನ್ನು ಪಕ್ಕಕ್ಕೆ ಕರೆದು, "ಗೇಟಿನ ಹತ್ತಿರ ಕಾರುಗಳು ಸಿಕ್ಕಿಕೊಂಡು ಸಾಕಾಗಿಹೋಗಿದೆ. ನಿಮ್ಮ ಸೀಟಿ ರಸ್ತೆ ತನಕ ಕೇಳುತ್ತೆ. ನಾಳೆಯಿಂದ ಬರ್ತೀರಾ?" ಎಂದರು. ಸಂಬಳ ಹೆಂಡತಿಯದರ ಅರ್ಧ. ಬೇಡ ಎನ್ನುವಂತಿರಲಿಲ್ಲ.

ಈಗ ಮೇಷ್ಟ್ರು ಕುಚ್ಚಿನ ಟೋಪಿ ಹಾಕಿಕೊಂಡು ಬಿಸಿಲಲ್ಲಿ ಕಾರುಗಳಿಗೆ ಡ್ರಿಲ್ ಮಾಡಿಸುತ್ತಾರೆ. ಮನೆಯಲ್ಲಿ ಕುಕ್ಕರ್ ಅಟ್ಟ ಸೇರಿದೆ, ಅನ್ನ ಪಾತ್ರೆಯಲ್ಲೇ ಬೇಯುತ್ತದೆ. ಅದರ ಮುಂದೆ ನಿಂತು ಆಕೆ ತನ್ನಷ್ಟಕ್ಕೆ ಸ್ಪ್ಯಾನಿಷ್ ಮಾತಾಡುತ್ತಾಳೆ, ಎಲ್ಲೂ ತಡವರಿಸದೆ, ನೀರು ಹರಿದ ಹಾಗೆ.

ಮೊನ್ನೆ ಸಂಜೆ ಮೇಷ್ಟ್ರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಆಕೆ ಅನ್ನದ ಪಾತ್ರೆಗೆ, "ಸಿ ತೆ ಕಾಯಾರಾಸ್..." ಎಂದಳು.

"ಏನಂದೆ?"

"ಅನ್ನ ಆಗ್ತಾ ಬಂತು ಅಂದೆ."

ತಿಂಗಳುಗಟ್ಟಲೆ ಊದಿ ಊದಿ ಮೇಷ್ಟ್ರಿಗೂ ಒಂದಷ್ಟು ಕಿವಿಗೆ ಬಿದ್ದಿತ್ತು. 'ರಾಸ್' ಎಂಬ ಬಾಲ ಬಂದರೆ ಮಾತು ಎದುರಿಗಿರುವವನಿಗೆ. ಆ ರೂಪ ಇರುವುದು ಆಗದೇ ಹೋದದ್ದಕ್ಕೆ. ಅದರಾಚೆಗೆ ಅರ್ಥ ಕೇಳುವ ಧೈರ್ಯ ಅವರಿಗೆ ಬರಲಿಲ್ಲ. (ಕೇಳಿದ್ದಿದ್ದರೆ, 'ನೀನು ಸುಮ್ಮನಿದ್ದಿದ್ರೆ...' ಎಂದು ತಿಳಿಯುತ್ತಿತ್ತು.) ಕೊರಳಿನಿಂದ ಸೀಟಿ ತೆಗೆದು ಮೊಳೆಗೆ ಸಿಕ್ಕಿಸಿ, ಸದ್ದಿಲ್ಲದೆ ಕೈ ತೊಳೆಯಲು ಹೋದರು.

ಒಳಕೋಣೆಯಿಂದ ತಾಯಿಯ ದನಿ ಬಂತು. "ಏನೋ, ಮನೆ ಇಷ್ಟು ತಣ್ಣಗಿದೆ? ಯಾರು ಹೋದ್ರೋ?"

"ನಾನೇ ಕಣಮ್ಮ," ಎಂದರು ಮೇಷ್ಟ್ರು.