ಅಜ್ಜಿಯ ದೀಪದ ಸುಕ್ಕು

ಅಜ್ಜಿ ಆಸ್ಪತ್ರೆಯಿಂದ ಬರುವುದರೊಳಗೆ ಅವಳ ದೀಪಕ್ಕೆ ಹೊಸ ಯೌವನ ತಂದುಕೊಟ್ಟೇ ತೀರುತ್ತೇನೆ! ಹೀಗೆಂದು ನಾನು ಅಡುಗೆಮನೆಯ ಮೇಜು ಗುದ್ದಿ ಶಪಥ ಮಾಡಿದೆ. ಗುದ್ದಿದ್ದು ಮೆಲ್ಲಗೆ, ಪಕ್ಕದ ಮನೆಯವರಿಗೆ ಕೇಳಿಸಬಾರದಲ್ಲ. ನಮ್ಮ ಮನೆಯಲ್ಲಂತೂ ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ.

ನನ್ನ ಹೆಸರು ರೆನ್ಸ್ಕೆ. ವಯಸ್ಸು ಹದಿನೇಳು. ಶಾಲೆ ಬಿಟ್ಟು ಒಂದು ವರ್ಷವಾಗುತ್ತ ಬಂತು. ದಡ್ಡತನದಿಂದ ಬಿಟ್ಟದ್ದಲ್ಲ, ಎಚ್ಚರಿಕೆ ಅತಿಯಾಗಿ ಬಿಟ್ಟದ್ದು! ಕೊನೆಯ ಪರೀಕ್ಷೆಯಲ್ಲಿ ಮೂರು ಗಂಟೆ ಕೂತು ಒಂದೇ ಒಂದು ಪ್ರಶ್ನೆಗೆ ಉತ್ತರ ಬರೆದೆ. ಆದರೆ ಎಂಥ ಅಕ್ಷರ! ಮೇಷ್ಟರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, "ಅಂಚಿನ ಗೆರೆ ಮಾತ್ರ ಬಹಳ ನೇರವಾಗಿದೆ" ಎಂದು ನಿಟ್ಟುಸಿರುಬಿಟ್ಟರು. ಇದರ ಮೇಲೆ, ಯಾರಾದರೂ ನನ್ನತ್ತ ನೋಡಿದರೆ ಸಾಕು, ಮಾತು ಗಂಟಲಲ್ಲೇ ಕಾಲು ಚಾಚಿ ಮಲಗಿಬಿಡುತ್ತದೆ. ಹೀಗಾಗಿ ನಮ್ಮ ಹಾರ್ಲಿಂಗೆನ್ ಊರಿನಲ್ಲೇ ಇದ್ದ ಅಜ್ಜಿಯ ಮನೆಗೆ ಬಂದು ಸೇರಿಕೊಂಡೆ. ಆ ಅಜ್ಜಿಯೂ ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದಳು. ಮೂರು ವಾರದಿಂದ ಆ ಮನೆಗೆ ನಾನೇ ರಾಣಿ, ನಾನೇ ಪ್ರಜೆ. ನಾನು ಬೇಯಿಸಿದ ಆಲೂಗಡ್ಡೆಯನ್ನು ತಿನ್ನುವ ಶಿಕ್ಷೆಯೂ ನನಗೇ!

ಅಜ್ಜಿ ಬರುವುದು ಶುಕ್ರವಾರ ಎಂದು ಗೊತ್ತಾದ ದಿನ ಅಜ್ಜಿಯ ಮಗಳಾದ ಆಲ್ತ್ಯೆ ಅತ್ತೆಯ ಫೋನು ಬಂತು.

"ಏ ರೆನ್ಸ್ಕೆ, ಅಮ್ಮ ಬರೋವಾಗ ಮನೆ ಬಿಟ್ಟುಹೋದ ಹಾಗೇ ಇರ್ಬೇಕು. ಒಂದು ವಸ್ತು ಆಚೀಚೆ ಆಗಿದ್ರೂ ನಿನ್ನನ್ನ ನಂಬಿ ಅವಳನ್ನ ಅಲ್ಲಿ ಬಿಡಲ್ಲ ನಾನು. ವೃದ್ಧಾಶ್ರಮದಲ್ಲಿ ಹೆಸರು ಬರೆಸ್ತೀನಿ."

"ಸರಿ ಅತ್ತೆ."

"ಏನೂ ಮುಟ್ಬೇಡ. ಸುಮ್ನೆ ಕೂತಿರು. ಅದ್ರಲ್ಲಂತೂ ನಿನ್ನ ಮೀರ್ಸೋರಿಲ್ಲ!"

ಈ ಕೊನೆಯ ಮಾತೇ ನೋಡಿ ನನ್ನ ರೊಚ್ಚಿಗೆಬ್ಬಿಸಿದ್ದು. ಸುಮ್ಮನೆ ಕೂರುವವಳೇ ನಾನು? ಹೌದು, ಹನ್ನೊಂದು ತಿಂಗಳಿಂದ ಕೂತಿದ್ದೇನೆ. ಆದರೆ ಇನ್ನು ಕೂರುವುದಿಲ್ಲ!

ಬೀದಿಯ ಕಡೆಯ ಕಿಟಕಿಯಲ್ಲಿ ಅಜ್ಜಿಯ ಎರಡು ಮೇಜುದೀಪಗಳಿವೆ. ಸಾವಿರದ ಒಂಬೈನೂರ ಐವತ್ತಾರರಲ್ಲಿ ನಮ್ಮ ತಾತ ತಮ್ಮ ಮದುವೆಗೆಂದು ತಂದ ಜೋಡಿ. ಸಪೂರವಾದ ಹಿತ್ತಾಳೆಯ ಕಾಲು, ಅದರ ಮೇಲೆ ಅಣಬೆಯ ಟೋಪಿಯಂಥ ಕಡುಹಸಿರು ತಗಡಿನ ಮುಚ್ಚಿಗೆ. ಇದನ್ನು ರೂಪಿಸಿದವನ ಹೆಸರು ಕೇಳಿದರೆ ಸಂಗ್ರಹಕಾರರು ಎದ್ದು ನಿಲ್ಲುತ್ತಾರಂತೆ. ಅಜ್ಜಿ ಎದ್ದು ನಿಲ್ಲುವುದಿಲ್ಲ. ಆದರೆ ದಿನಾ ಮುಸ್ಸಂಜೆಗೆ ಎರಡನ್ನೂ ಹಚ್ಚಿ, "ಜೋಡಿ ದೀಪ ಇಲ್ಲದ ಕಿಟಕಿ ಅಂದ್ರೆ ಹಲ್ಲು ಬಿದ್ದ ಬಾಯಿ" ಎನ್ನುತ್ತಾಳೆ.

ಒರೆಸಲೆಂದು ಎಡಗಡೆಯದನ್ನು ಕೈಗೆತ್ತಿಕೊಂಡೆ. ಅಯ್ಯೋ ದೇವರೇ! ಹಸಿರು ಬಣ್ಣದ ತುಂಬ ಸಣ್ಣ ಸಣ್ಣ ಸುಕ್ಕು, ಒಣಗಿದ ಸೇಬಿನ ಸಿಪ್ಪೆಯ ಹಾಗೆ. ಬಲಗಡೆಯದೂ ಹಾಗೇ, ಅದರ ಸರದಿ ಆಮೇಲೆ. ಇಷ್ಟು ವರ್ಷ ಕಿಟಕಿಯಲ್ಲಿ ಬಿಸಿಲು ತಿಂದು ಪಾಪ ಚರ್ಮವೇ ಮುದುಡಿದೆ! ಅಂದುಕೊಂಡದ್ದೇ ತಡ, ಮೇಲೆ ಹೇಳಿದ ಶಪಥ ನಡೆದುಹೋಯಿತು.

ನಾಲ್ಕು ದಿನ! ಉಜ್ಜಲು ನಾಲ್ಕು ಬಗೆಯ ಉಪ್ಪುಕಾಗದ, ಒರಟಾದದ್ದರಿಂದ ನಯವಾದದ್ದಕ್ಕೆ. ಅಂಚುಗಳಿಗೆ ಬೆಂಕಿಕಡ್ಡಿಗೆ ಸುತ್ತಿದ ಚೂರುಗಳು. ಧೂಳಿಗೆ ಹಲ್ಲುಜ್ಜುವ ಬ್ರಷ್ಷು. ಒಂದೊಂದು ಸುಕ್ಕನ್ನೂ ಹುಡುಕಿ ಹುಡುಕಿ ಸಂಹರಿಸಿದೆ. ಆ ನಾಲ್ಕು ದಿನ ನಾನು ಮಾತಾಡಿದ್ದು ದೀಪದ ಜೊತೆಗೆ ಮಾತ್ರ. ಒಳ್ಳೆಯ ಕೇಳುಗ. ನಡುವೆ ಬಾಯಿ ಹಾಕುವುದಿಲ್ಲ, ಶಾಲೆಗೆ ಯಾಕೆ ಹೋಗುತ್ತಿಲ್ಲ ಎಂದು ಕೇಳುವುದಿಲ್ಲ. ಸೋಮವಾರ ಮಧ್ಯಾಹ್ನ ಹೊಸ ಹಸಿರು ಬಣ್ಣ ಬಳಿದಾಗ ಅದು ಮೊಟ್ಟೆಯ ಹಾಗೆ ನುಣ್ಣಗೆ ಹೊಳೆಯಿತು. ನನಗೆ ಕಣ್ಣಲ್ಲಿ ನೀರೇ ಬಂತು. ಅರ್ಧ ಹೆಮ್ಮೆಗೆ, ಅರ್ಧ ಬಣ್ಣದ ಘಾಟಿಗೆ.

ಘಾಟು ಹೋಗಬೇಕಲ್ಲ? ದೀಪವನ್ನು ಗಾಳಿಗೆ ಇಡಲು ಹೊರಟೆ. ಎಲ್ಲದರಲ್ಲೂ ನನಗೆ ಅಚ್ಚುಕಟ್ಟು ಬೇಕು. ವೈರನ್ನು ಸುರುಳಿ ಸುತ್ತಿ ರಿಬ್ಬನ್ ಕಟ್ಟಿದೆ. ಬಲ್ಬು ಒಡೆಯಬಾರದೆಂದು ಬಿಚ್ಚಿ, ಕಾಗದದ ಚೀಲದಲ್ಲಿಟ್ಟು ಪಕ್ಕಕ್ಕೆ ತೂಗುಹಾಕಿದೆ. ನಮ್ಮ ಕಿಟಕಿಯ ಕೆಳಗೆ, ಕಾಲುದಾರಿಯ ಮೇಲೆ ಸ್ಟೂಲ್ ಹಾಕಿ ಅದರ ಮೇಲೆ ದೀಪವನ್ನು ಪ್ರತಿಷ್ಠಾಪಿಸಿದೆ. ಆಮೇಲೆ ಬ್ರಷ್ಷು ತೊಳೆಯಲು ಒಳಗೆ ಹೋದೆ. ಬೇರೆಯವರು ಎರಡು ನಿಮಿಷದಲ್ಲಿ ತೊಳೆಯುತ್ತಾರೆ. ನಾನು ಒಂದೊಂದೇ ಕೂದಲು ತೊಳೆದೆ. ಅರ್ಧ ಗಂಟೆ.

ಹೊರಗೆ ಬಂದರೆ ದೀಪವಿಲ್ಲ. ಸ್ಟೂಲೂ ಇಲ್ಲ!

ಎದುರು ಮನೆಯ ಡಿರ್ಕ್ಯೆ ಅಮ್ಮ ಒಂದು ಹರಕು ಹಾಸಿಗೆಯನ್ನು ತಮ್ಮ ಬಾಗಿಲ ಮುಂದೆ ಎಳೆದುಹಾಕುತ್ತಿದ್ದರು. ಆಗ ಬೀದಿಯುದ್ದಕ್ಕೂ ಕಣ್ಣಾಡಿಸಿದೆ. ಎಲ್ಲರ ಬಾಗಿಲ ಮುಂದೂ ಮುರಿದ ಕುರ್ಚಿ, ಹಳೆಯ ಕಪಾಟು, ಕಾಲಿಲ್ಲದ ಮೇಜು. ಅಯ್ಯೋ, ನೆನಪಾಯಿತು. ಮಂಗಳವಾರ ಬೆಳಗ್ಗೆ ದೊಡ್ಡ ಸಾಮಾನಿನ ಕಸ ಒಯ್ಯುವ ಗಾಡಿ ಬರುತ್ತದೆ! ಹಿಂದಿನ ದಿನ ಕಾಲುದಾರಿಯಲ್ಲಿ ಇಟ್ಟದ್ದು ಬೇಕಾದವರ ಪಾಲು. ಸಭ್ಯರು ವೈರು ಸುತ್ತಿ, ಬಲ್ಬನ್ನೂ ಜೊತೆಗಿಟ್ಟು ಕೊಡುತ್ತಾರೆ. ಇಡೀ ಬೀದಿಯಲ್ಲಿ ನನ್ನಷ್ಟು ಸಭ್ಯವಾಗಿ ಯಾರೂ ಕಸ ಹಾಕಿರಲಿಲ್ಲ!

"ಅಮ್ಮಾ... ಇಲ್ಲಿ... ದೀಪ..."

"ಓ, ಅದಾ! ಯಾರೋ ಸೈಕಲ್ಲಲ್ಲಿ ಬಂದವ್ರು ತಗೊಂಡ್ರು ಕಣೆ. ಮುಟ್ಟಿ ಮುಟ್ಟಿ ನೋಡ್ತಾ ನಿಂತಿದ್ರು. ನಾನೇ ಹೋಗಿ, ಸಂಕೋಚ ಪಡ್ಬೇಡಿ ತಗೊಳ್ಳಿ, ಸ್ಟೂಲೂ ತಗೊಳ್ಳಿ ಅಂತ ಹಗ್ಗ ಹಾಕಿ ಕಟ್ಟಿಕೊಟ್ಟೆ!"

"ಯಾರು ಅವ್ರು?"

"ಮುಖ ಎಲ್ಲಿ ನೋಡ್ದೆ? ಗಂಟು ಹಾಕೋದ್ರಲ್ಲಿದ್ದೆ. ಅಂತೂ ಒಳ್ಳೇ ಕೆಲಸ ಮಾಡ್ದೆ ಬಿಡು. ನಿಮ್ಮಜ್ಜಿ ಆ ಹಳೇ ಸಾಮಾನೆಲ್ಲ ಯಾವತ್ತು ಬಿಸಾಕ್ತಾಳೋ ಅಂತಿದ್ದೆ!"

ಅದು ಕಸವಲ್ಲ ಎನ್ನುವ ಒಂದು ಮಾತು ಹೇಳಬೇಕಿತ್ತು. ಗಂಟಲಿನಿಂದ ಹೊರಟದ್ದು, "ಥ್ಯಾಂಕ್ಸ್ ಅಮ್ಮ."

ಆರು ಗಂಟೆಗೆ ಸರಿಯಾಗಿ ಅಜ್ಜಿಯ ಫೋನು.

"ದೀಪ ಹಚ್ಚಿದ್ಯಾ ಮರಿ?"

ಸುಳ್ಳು ಹೇಳುವುದು ನನಗೆ ಬರುವುದಿಲ್ಲ. ಬಲಗಡೆಯ ದೀಪ ಉರಿಯುತ್ತಿತ್ತು, ನಿಜವನ್ನೇ ಹುಷಾರಾಗಿ ಆರಿಸಿಕೊಂಡೆ. "ಕಿಟಕೀಲಿ ಬೆಳಕಿದೆ ಅಜ್ಜಿ."

"ಜಾಣೆ!"

ಆ ಮೆಚ್ಚುಗೆ ಬೈಗುಳಕ್ಕಿಂತ ಚುಚ್ಚಿತು. ಹಲ್ಲು ಬಿದ್ದ ಬಾಯಿಯಂಥ ಕಿಟಕಿಯ ಮುಂದೆ ನಿಂತು ಇನ್ನೊಂದು ಶಪಥ ಮಾಡಿದೆ. ಈ ಸಲ ಮೇಜು ಗುದ್ದಲಿಲ್ಲ.

ಉಪಾಯ ಸರಳವಾಗಿತ್ತು. ನಮ್ಮೂರಲ್ಲಿ ಯಾರೂ ಪರದೆ ಎಳೆಯುವುದಿಲ್ಲ. ಸಂಜೆ ಪ್ರತಿ ಕಿಟಕಿಯಲ್ಲೂ ದೀಪ, ದೀಪದ ಹಿಂದೆ ಇಡೀ ಸಂಸಾರ. ದೀಪ ತೆಗೆದುಕೊಂಡವರು ಅದನ್ನು ಕಿಟಕಿಯಲ್ಲಿ ಇಡದೆ ಇನ್ನೆಲ್ಲಿ ಇಟ್ಟಾರು? ಬೀದಿ ಬೀದಿ ನಡೆದು ನೋಡಿದರಾಯಿತು. ಒಂದೇ ತೊಡಕು: ಪರದೆ ಎಳೆಯದಿರುವುದು ಎಷ್ಟು ಮರ್ಯಾದೆಯೋ, ಒಳಗೆ ಇಣುಕದಿರುವುದೂ ಅಷ್ಟೇ ಮರ್ಯಾದೆ. ಅದಕ್ಕೆ ಮುಖವನ್ನು ನೆಟ್ಟಗೆ ಇಟ್ಟು ಕಣ್ಣನ್ನು ಮಾತ್ರ ಪಕ್ಕಕ್ಕೆ ಕಳಿಸುವ ವಿದ್ಯೆ ಕಂಡುಹಿಡಿದೆ. ಮೊದಲ ದಿನ ಒಂದು ದೀಪದ ಕಂಬಕ್ಕೆ ಢಿಕ್ಕಿ ಹೊಡೆದು ಅದಕ್ಕೆ "ಕ್ಷಮಿಸಿ" ಎಂದೆ. ಎರಡನೆಯ ದಿನ ಯಾರದೋ ನಾಯಿಯನ್ನು ಎಡವಿದೆ.

ಏನೆಲ್ಲ ನೋಡಿದೆ! ಆಲೂಗಡ್ಡೆ ಸೊಪ್ಪು ಕಲಸಿದ ತಟ್ಟೆಯ ಸುತ್ತ ಐದು ಜನ. ಸೋಫಾದ ಮೇಲೆ ಕಾಲುಗುರು ಕತ್ತರಿಸಿಕೊಳ್ಳುತ್ತಿದ್ದ ಗಂಡ, ಬೈಯುತ್ತಿದ್ದ ಹೆಂಡತಿ. ಒಂದು ಮನೆಯಲ್ಲಿ ಹುಟ್ಟುಹಬ್ಬ, ದುಂಡಗೆ ಹಾಕಿದ ಕುರ್ಚಿಗಳಲ್ಲಿ ನೆಂಟರೆಲ್ಲ ಕೇಕಿನ ತಟ್ಟೆ ಮಡಿಲಲ್ಲಿಟ್ಟು ಕೂತಿದ್ದರು. ನನ್ನ ತರಗತಿಯ ಹುಡುಗಿಯೊಬ್ಬಳೂ ಇದ್ದಳು. ಅವಳ ಪಕ್ಕ ಒಂದು ಕುರ್ಚಿ ಖಾಲಿಯಿತ್ತು. ದೀಪ ಹುಡುಕಲು ಬಂದವಳು ಆ ಕುರ್ಚಿಯನ್ನೇ ನೋಡುತ್ತ ನಿಂತುಬಿಟ್ಟೆ. ಆಮೇಲೆ ಯಾರೋ ಬಂದು ಅದರಲ್ಲಿ ಕೂತರು. ನಾನು ಮುಂದಿನ ಬೀದಿಗೆ ಹೋದೆ.

ಬುಧವಾರದ ಹೊತ್ತಿಗೆ ಊರಿನ ಸಮಸ್ತ ದೀಪಗಳ ಬಗ್ಗೆ ಪ್ರಬಂಧ ಬರೆಯಬಲ್ಲಷ್ಟು ಪಾಂಡಿತ್ಯ ಬಂದಿತ್ತು. ನಮ್ಮದು ಮಾತ್ರ ಇಲ್ಲ! ನೋಡದೆ ಉಳಿದದ್ದು ಒಂದೇ ಮನೆ, ಕಾಲುವೆಯ ಮೂಲೆಯದು. ಅಲ್ಲಿ ಯಾವಾಗ ಹೋದರೂ ಒಬ್ಬ ಉದ್ದನೆಯ ತಾತ ಕಿಟಕಿಗೆ ಅಂಟಿಕೊಂಡು ನಿಂತಿರುತ್ತಿದ್ದರು. ಒಳಗಿನವರು ಹೊರಗೆ ನೋಡುತ್ತಿದ್ದರೆ ನಮ್ಮ ಕಣ್ಣು ಕಾಲುವೆಯ ಕಡೆಗೆ, ಅದು ನಿಯಮ. ಪ್ರತಿ ಸಲವೂ ನಾನು ಕಾಲುವೆಯ ಬಾತುಕೋಳಿಗಳನ್ನು ಬಹಳ ಶ್ರದ್ಧೆಯಿಂದ ನೋಡಿಕೊಂಡು ದಾಟಿದೆ.

ಗುರುವಾರ ಸಂಜೆ ತಾತ ಕಿಟಕಿಯಲ್ಲಿರಲಿಲ್ಲ. ಅವರು ನಿಲ್ಲುತ್ತಿದ್ದ ಜಾಗದ ಪಕ್ಕದಲ್ಲಿ ನಮ್ಮ ಸ್ಟೂಲು. ಸ್ಟೂಲಿನ ಮೇಲೆ, ಮೊಟ್ಟೆಯಂತೆ ಹೊಳೆಯುತ್ತ, ನಮ್ಮ ದೀಪ!

ಹೇಳಬೇಕಾದ ವಾಕ್ಯವನ್ನು ಅಂಗೈಯಲ್ಲಿ ಬರೆದುಕೊಂಡೆ. ಇಪ್ಪತ್ತು ನಿಮಿಷ ಬಾಯಿಪಾಠ ಮಾಡಿದೆ. ನಾಳೆ ಅಜ್ಜಿ ಬರುತ್ತಾಳೆ, ಆಲ್ತ್ಯೆ ಅತ್ತೆಯೂ ಜೊತೆಗೆ ಬರುತ್ತಾಳೆ ಎಂದು ಎರಡು ಸಲ ನೆನೆದು ಕರೆಗಂಟೆ ಒತ್ತಿದೆ. ಬಾಗಿಲು ತೆರೆಯಿತು. ಅಂಗೈ ನೋಡಿದರೆ ಬೆವರಿಗೆ ಅಕ್ಷರವೆಲ್ಲ ಕಲಸಿ ನೀಲಿ ಕೆರೆ!

"ಅದು ನಂದು," ಎಂದೆ. ಇಪ್ಪತ್ತು ನಿಮಿಷದ ಫಲ ಎರಡು ಪದ.

"ಬಾ," ಎಂದರು ತಾತ. ಅವರ ಹೆಸರು ಸಿಬೋಲ್ಟ್. ಒಳಗೆ ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಮೂವತ್ತಕ್ಕೂ ಹೆಚ್ಚು ದೀಪಗಳು, ಎಲ್ಲ ಆ ಕಾಲದವೇ. ಎಲ್ಲದರ ಮೇಲೂ ಸುಕ್ಕು! ಒಂದೇ ತರದ, ಒಂದೇ ಅಳತೆಯ ಸುಕ್ಕು! ನಾನು ನಮ್ಮ ನುಣುಪು ದೀಪದತ್ತ ತಿರುಗಿ ನೋಡಿದೆ.

"ತಾತ, ಇವಕ್ಕೆಲ್ಲ ವಯಸ್ಸಾಗಿ ಹೀಗಾಗಿದ್ಯಾ?"

"ವಯಸ್ಸಲ್ಲಮ್ಮ, ಅದು ಸುಕ್ಕು ಬಣ್ಣ. ಕಾರ್ಖಾನೇಲಿ ಬಳಿದು ಒಲೆಗಿಟ್ಟು ಬೇಕೂಂತಲೇ ಸುಕ್ಕು ಬರಿಸ್ತಿದ್ರು. ಜನ ಹುಡುಕಿಕೊಂಡು ಬರೋದೇ ಅದಕ್ಕೆ." ಅವರು ನಮ್ಮ ದೀಪವನ್ನು ಗಾಯಾಳುವಿನಂತೆ ಎತ್ತಿಕೊಂಡರು. "ಇದರ ಚರ್ಮ ಸುಲಿದ ಪಾಪಿ ಯಾರೋ ಗೊತ್ತಿಲ್ಲ."

"ನಾನೇ."

ತಾತ ದೀಪವನ್ನು ಬೆಳಕಿಗೆ ಹಿಡಿದರು. ಬೆರಳಿನಿಂದ ಮುಚ್ಚಿಗೆಯನ್ನು ಸುತ್ತಲೂ ಸವರಿದರು. "ಎಷ್ಟು ದಿನ ಹಿಡೀತು?"

"ನಾಲ್ಕು."

"ನನ್ನ ಹೆಬ್ಬೆರಳಿನ ಗುರುತು ಬಿಟ್ರೆ ಒಂದು ಗೀರಿಲ್ಲ. ಅಂಚಲ್ಲಿ ಒಂದು ಹನಿ ಬಣ್ಣ ನಿಂತಿಲ್ಲ. ಇಷ್ಟು ಅಚ್ಚುಕಟ್ಟಾಗಿ ಹಾಳು ಮಾಡಿದ್ದನ್ನ ನನ್ನ ಜನ್ಮದಲ್ಲೇ ನೋಡಿಲ್ಲ!"

ಅಷ್ಟರಲ್ಲಿ ಜೇಬಿನಲ್ಲಿ ಫೋನು. ಆರು ಗಂಟೆ!

"ದೀಪ ಹಚ್ಚಿದ್ಯಾ ಮರಿ?"

ಆರಿಸಿಕೊಳ್ಳಲು ನಿಜಗಳೆಲ್ಲ ಮುಗಿದುಹೋಗಿದ್ದವು. ಉಪ್ಪುಕಾಗದದಿಂದ ಹಿಡಿದು ಕಾಲುದಾರಿಯವರೆಗೆ ಒಂದೇ ಉಸಿರಿನಲ್ಲಿ ಒದರಿಬಿಟ್ಟೆ. ಅತ್ತ ಕಡೆಯಿಂದ ವಿಚಿತ್ರ ಸದ್ದು ಬಂತು. ಅಜ್ಜಿ ಅಳುತ್ತಿದ್ದಾಳೆಂದುಕೊಂಡೆ. ಅಲ್ಲ, ನಗುತ್ತಿದ್ದಳು.

"ಅಯ್ಯಯ್ಯೋ, ಸೊಂಟ! ನಗಿಸ್ಬೇಡ್ವೇ! ಸುಕ್ಕೆಲ್ಲ ತೆಗೆದ್ಯಾ? ನಾಳೆ ಬರೋಕೇ ಭಯ ಆಗ್ತಿದೆ ಕಣೆ, ನನ್ನೂ ಉಜ್ಜಿಬಿಟ್ಟೀಯ!"

"ಅತ್ತೆ ನಿನ್ನನ್ನ ವೃದ್ಧಾಶ್ರಮಕ್ಕೆ..."

"ಆಲ್ತ್ಯೆಗೆ ನಾನು ಹೇಳ್ಕೋತೀನಿ. ನನ್ನ ದೀಪ, ನನ್ನ ಮನೆ. ಈಗ ಎಲ್ಲಿದ್ದೀಯ ನೀನು?"

"ಒಬ್ರು ತಾತನ ಮನೇಲಿ. ಕಾಫಿ ಕೊಡ್ತಿದ್ದಾರೆ."

"ಯಾರು? ನೀನಾ? ಬೇರೆಯವ್ರ ಮನೇಲಿ?" ಅಜ್ಜಿಯ ನಗು ನಿಂತುಹೋಯಿತು. "ಫೋನ್ ಇಡು ಮರಿ. ಕಾಫಿ ಪೂರ್ತಿ ಕುಡಿದೇ ಬಾ."

ತಾತ ಬಿಸ್ಕತ್ತಿನ ಡಬ್ಬಿ ತೆರೆದು ಒಂದು ಕೊಟ್ಟು ಮುಚ್ಚಿದರು. ಸ್ವಲ್ಪ ಯೋಚಿಸಿ, ಮತ್ತೆ ತೆರೆದರು. ಎರಡನೆಯ ಬಿಸ್ಕತ್ತು! ಅತಿಥಿಗೆ ಒಂದೇ ಬಿಸ್ಕತ್ತು ಎನ್ನುವ ನಮ್ಮೂರಲ್ಲಿ ಅದು ಸಾಮಾನ್ಯ ಸಂಗತಿಯಲ್ಲ.

"ಮನೆಗೆ ಬಂದು ನೋಡಿದ್ರೆ ಹೆಬ್ಬೆರಳಿಗೆಲ್ಲ ಬಣ್ಣ ಹತ್ತಿತ್ತು," ಎಂದರು. "ಹಸಿ ಬಣ್ಣದ ದೀಪ ಯಾರೂ ಬಿಸಾಕಲ್ಲ ಅಂತ ಆಗ ಹೊಳೀತು. ಮಾಲೀಕರು ಹುಡುಕಿಕೊಂಡು ಬರಲಿ ಅಂತ ಕಿಟಕೀಲಿಟ್ಟು ಕಾದೆ. ನೀನು ಎಲ್ಲರ ಕಿಟಕಿಗೂ ಕಣ್ಣು ಹಾಯಿಸ್ತಾ ಹನ್ನೊಂದು ಸಲ ಈ ಕಡೆ ಹಾದುಹೋದೆ. ಹನ್ನೊಂದು ಸಲವೂ ಕಾಫಿಗೆ ನೀರಿಟ್ಟೆ."

"ತಾತ! ಮತ್ತೆ ಒಂದ್ಸಲನಾದ್ರೂ ಕರೀಬಾರ್ದಿತ್ತಾ? ದೀಪ ತಗೊಂಡ್ಹೋದ ಬಾಗಿಲಿಗೇ ಬಂದು ಗಂಟೆ ಒತ್ಬಾರ್ದಿತ್ತಾ?"

ತಾತ ತಮ್ಮ ಚಪ್ಪಲಿಯ ತುದಿ ನೋಡಿಕೊಂಡರು. ಕಿವಿ ಕೆಂಪಾಯಿತು.

"ಎರಡ್ಸಲ ನಿಮ್ಮನೆ ಬಾಗಿಲವರೆಗೂ ಬಂದಿದ್ದೆ. ಗಂಟೆ ಒತ್ತೋಕೆ ಆಗ್ಲಿಲ್ಲ. ನಂಗೆ ಸ್ವಲ್ಪ... ನಾಚಿಕೆ ಸ್ವಭಾವ ಕಣಮ್ಮ."

ನಾನು ಕಾಫಿ ಬಟ್ಟಲನ್ನು ಕೆಳಗಿಟ್ಟೆ. ದೊಡ್ಡವಳಾದ ಮೇಲೆ ಈ ರೋಗ ತಾನಾಗಿ ವಾಸಿಯಾಗುತ್ತದೆ ಎಂದು ಯಾರಿಗೂ ಹೇಳದೆ ನಂಬಿಕೊಂಡು ಬದುಕಿದವಳು ನಾನು!

"ತಾತ," ಎಂದು ಮೆಲ್ಲಗೆ ಕೇಳಿದೆ, "ವಯಸ್ಸಾದ್ರೆ ಇದು ಹೋಗಲ್ವಾ?"

ಸಿಬೋಲ್ಟ್ ತಾತ ಬಹಳ ಪ್ರಾಮಾಣಿಕವಾಗಿ ಯೋಚಿಸಿದರು.

"ಹೋಗ್ಬಹುದು," ಎಂದರು. "ನಂಗಿನ್ನೂ ಎಪ್ಪತ್ತೊಂಬತ್ತು."