ಭಾವನ ಎರಡನೆಯ ಗುರು

ನನ್ನ ಅಕ್ಕನ ಗಂಡನಿಗೆ ಗುರುಗಳು ಇಬ್ಬರು. ಒಬ್ಬರು ಉಡುಪಿಯ ಮಠದಲ್ಲಿದ್ದಾರೆ, ಇನ್ನೊಬ್ಬ ಕ್ಯಾಸೆಟ್ಟಿನಲ್ಲಿದ್ದಾನೆ. ಮೊದಲನೆಯವರಿಗೆ ವರ್ಷಕ್ಕೊಂದು ನಮಸ್ಕಾರ. ಎರಡನೆಯವನ ಸೇವೆ ದಿನಾ ಬೆಳಿಗ್ಗೆ, ಹಲ್ಲುಜ್ಜುವ ಮೊದಲೇ!

ಈ ಎರಡನೆಯವನು ವಿಲಾಯಿತಿಯ ಹಳೇ ರಾಕ್ ಗಾಯಕ. ದೊಡ್ಡ ತಂಡದಲ್ಲಿ ಕಿರುಚಿ ಹೆಸರು ಮಾಡಿದವನು, ಎಂಬತ್ತರ ದಶಕದಲ್ಲಿ ಏನು ಬುದ್ಧಿ ಬಂತೋ, ಒಬ್ಬನೇ ಹಾಡಿ ಒಂದು ಆಲ್ಬಮ್ ತಂದ. ಡೊಂಬಿವಲಿಯ ಫುಟ್‌ಪಾತಿನ ಹಳೇ ರಾಶಿಯಿಂದ ಭಾವ ಯಕ್ಷಗಾನದ ಕ್ಯಾಸೆಟ್ ಆರಿಸಿ ತಂದರೆ, ಡಬ್ಬಿಯೊಳಗೆ ಇವನಿದ್ದ! ಯಾರೋ ಹೊಸ ಭಾಗವತರಿರಬೇಕು, ಚಂಡೆ ಜೋರಾಗಿದೆ ಎಂದುಕೊಂಡು ಭಾವ ಮೊದಲ ಸೈಡ್ ಪೂರ್ತಿ ಕೇಳಿದರಂತೆ. ಪದ್ಯ ಅರ್ಥವಾಗಲಿಲ್ಲವೇ ಎಂದರೆ, "ಯಕ್ಷಗಾನದ್ದು ಎಲ್ಲ ಅರ್ಥ ಆಗ್ತದಾ ನಿಂಗೆ?" ಎಂದು ನನ್ನನ್ನೇ ಕೇಳಿದರು.

ಬದಲಾಪುರದಲ್ಲಿ ನಮ್ಮ ಫ್ಲ್ಯಾಟಿನ ಗೃಹಪ್ರವೇಶಕ್ಕೆ ನಾಗಸ್ವರದ ಕ್ಯಾಸೆಟ್ ಹಾಕುವ ಕೆಲಸವನ್ನು ಯಾವ ಧೈರ್ಯದಿಂದ ಅವರಿಗೆ ಒಪ್ಪಿಸಿದೆವೋ! ಹೋಮದ ನಡುವೆ ಗಿಟಾರ್ ಗುಡುಗಿತು. ಭಟ್ಟರ ತುಪ್ಪದ ಸೌಟು ಅಲ್ಲೇ ನಿಂತಿತು. ಭಾವ ಸಮಾಧಾನವಾಗಿ ಹೇಳಿದರು: "ಸ್ವಲ್ಪ ತಡೀರಿ ಭಟ್ರೇ, ಎರಡನೇ ಸೈಡ್ ಶಾಂತ ಉಂಟು."

ಭಾವನ ಮಗಳು ಇಲ್ಲೇ ಹುಟ್ಟಿ ಬೆಳೆದವಳು, ಮಾತೆಲ್ಲ ಮರಾಠಿ. ಮೊಬೈಲಿನಲ್ಲಿ ಹುಡುಕಿ, ಈ ಆಲ್ಬಮ್ ಬಂದಾಗಲೇ ಮಕಾಡೆ ಮಲಗಿತ್ತೆಂದು ಅಪ್ಪನಿಗೆ ಸಾಬೀತು ಮಾಡಿದಳು. ಭಾವ ಅಲುಗಲಿಲ್ಲ. "ಸೋತದ್ದು ಅಂಗಡಿಯಲ್ಲಿ. ನಮ್ಮ ಮನೆಯಲ್ಲಿ ಅಲ್ಲವಲ್ಲ?"

ಇಷ್ಟಕ್ಕೇ ಮುಗಿದಿದ್ದರೆ ಸಹಿಸಬಹುದಿತ್ತು. ಬದಲಾಪುರದ ಬೆಳಗಿನ ಫಾಸ್ಟ್ ಲೋಕಲ್ ರೈಲಿನಲ್ಲಿ ತಾಳ ಹಾಕಿ ವಿಠ್ಠಲನ ಅಭಂಗ ಹಾಡುತ್ತಾ ಆಫೀಸಿಗೆ ಹೋಗುವ ಒಂದು ಭಜನಾ ಮಂಡಳಿಯಿದೆ. ಮೊದಲ ಅಭಂಗ ತಪ್ಪಬಾರದೆಂದು ಭಾವ ದಿನಾ ಡೊಂಬಿವಲಿಯ ಮನೆಯಿಂದ ಉಲ್ಟಾ ಬದಲಾಪುರಕ್ಕೆ ಬಂದು ಹತ್ತುತ್ತಿದ್ದರು. ಆ ಭಜನೆಯಲ್ಲಿ, ನಿವೃತ್ತಿಯಾಗುವ ಮೊದಲು ಒಮ್ಮೆಯಾದರೂ, ತನ್ನ ಗುರುವಿನ ಕ್ಯಾಸೆಟ್ಟಿನ ಕೊನೆಯ ಹಾಡನ್ನು ಹಾಡಲೇಬೇಕೆಂಬುದು ಅವರ ಹಠ!

ಮಂಡಳಿಯ ಮುಖ್ಯ ಗಾಯಕರನ್ನು ಎಲ್ಲರೂ ಬುವಾ ಎನ್ನುತ್ತಾರೆ. ಅವರದು ಒಂದೇ ಉತ್ತರ: "ಅಣ್ಣಾ, ವಿಠ್ಠಲಾಲಾ ಇಂಗ್ಲಿಶ್ ಯೇತ್ ನಾಹೀ." ವಿಠ್ಠಲನಿಗೆ ಇಂಗ್ಲಿಷ್ ಬರುವುದಿಲ್ಲವಂತೆ! ಕನ್ನಡ ಬರುವ ವಿಠ್ಠಲನಿಗೆ ಇಂಗ್ಲಿಷ್ ಏನು ಮಹಾ ಎಂದು ಭಾವ ವಾದಿಸಿದರು. ಪ್ರತಿ ಆಷಾಢ ಏಕಾದಶಿಗೂ ಮತ್ತೆ ಅರ್ಜಿ. ಕೊನೆಗೆ ಬುವಾ ಬೇಸತ್ತು ಒಂದು ದಾರಿ ತೋರಿಸಿದರು. ದಿವಾ ದಾಟಿದ ಮೇಲೆ ಉದ್ದದ ಸುರಂಗ ಬರುತ್ತದೆ. ಆ ಸದ್ದಿನಲ್ಲಿ ಹೇಗೂ ಭಜನೆ ನಿಲ್ಲುತ್ತದೆ. ಬೇಕಿದ್ದರೆ ಅಲ್ಲಿ ಹಾಡಿಕೊ!

ಭಾವ ಹಾಡಿದರು. ದಿನಾ, ಕತ್ತಿನ ನರ ಉಬ್ಬಿಸಿಕೊಂಡು. ಬೆಳಕು ಕಂಡೊಡನೆ ಬಾಯಿ ಬಂದ್. ತನ್ನ ದನಿ ತನಗೇ ಕೇಳದ ಜಾಗದಲ್ಲಿ ವರ್ಷಗಟ್ಟಲೆ ಹಾಡಿದ ಗಾಯಕ ಇನ್ನೊಬ್ಬನಿದ್ದಾನೆಯೇ?

ನಿವೃತ್ತಿಯ ದಿನ ಮಂಡಳಿಯವರು ಅಕ್ಕನನ್ನೂ ನನ್ನನ್ನೂ ಗಂಡಸರ ಬೋಗಿಗೇ ಹತ್ತಿಸಿ ಸೀಟು ಕೊಟ್ಟರು. ಅಕ್ಕನ ಮಡಿಲಲ್ಲಿ ಹಂಚಲು ತಂದ ಲಾಡಿನ ಡಬ್ಬ. ಇವತ್ತಾದರೂ ಬೆಳಕಿನಲ್ಲಿ ಹಾಡಲು ಕರೆಯುತ್ತಾರೇನೋ ಎಂದು ಭಾವ ಬುವಾ ಅವರ ಮುಖವನ್ನೇ ನೋಡುತ್ತಿದ್ದರು. ಕಲ್ಯಾಣ ದಾಟಿತು, ಡೊಂಬಿವಲಿ ದಾಟಿತು. ಬುವಾ ಕಣ್ಣು ಮುಚ್ಚಿ ಅಭಂಗದ ಮೇಲೆ ಅಭಂಗ ಹಾಡಿದರು. ದಿವಾ ಬಂದಾಗ ಭಾವ ಆಸೆ ಬಿಟ್ಟು, ಎಂದಿನಂತೆ ಸುರಂಗಕ್ಕಾಗಿ ಗಂಟಲು ಸರಿಮಾಡಿಕೊಂಡರು.

ಸುರಂಗ ಬಂತು. ಭಾವ ಬಾಯಿ ತೆರೆದರು. ಹಾಡುವ ಬದಲು ಜೇಬಿನಿಂದ ಕರವಸ್ತ್ರ ತೆಗೆದರು. ಎದುರಿಗೆ ಬುವಾ ತಾಳ ತಟ್ಟಿ ಬಾಯಿ ತೆರೆದರು. ಪಕ್ಕದವರೂ ತೆರೆದರು. ಆ ಗದ್ದಲದಲ್ಲಿ ನನಗೆ ಏನೂ ಕೇಳಲಿಲ್ಲ.

ಗಾಡಿ ಬೆಳಕಿಗೆ ಬಂತು. ಹಾಡು ನಿಲ್ಲಲಿಲ್ಲ. ಅದು ಯಾವ ಊರಿನ ಇಂಗ್ಲಿಷೋ ಹೇಳಲಾರೆ. ಆದರೆ ರಾಗ ಭಾವನದೇ, ಭಾವ ತಪ್ಪುವಲ್ಲೇ ಎಲ್ಲರೂ ತಪ್ಪಿದರು. ಥಾಣೆ ಸ್ಟೇಷನ್ ಬರುವವರೆಗೂ ಭಾವ ಕರವಸ್ತ್ರವನ್ನು ಬಾಯಿಗೊತ್ತಿಕೊಂಡು ಕೂತಿದ್ದರು. ಆ ಕ್ಯಾಸೆಟ್ಟನ್ನು ಎಷ್ಟು ಸಲ ರದ್ದಿಗೆ ಹಾಕಿದ್ದಳೋ, ಅದೇ ಅಕ್ಕ ಲಾಡಿನ ಡಬ್ಬದ ಮುಚ್ಚಳದ ಮೇಲೆ ಮೆಲ್ಲಗೆ ತಾಳ ಹಾಕುತ್ತಿದ್ದಳು.